ವನಜಾಕ್ಷಿ ಬರೆದ ಒಂದೇ ಪಟ್ಟಿ

‘ಸ್ವಲ್ಪ ಅಡ್ಜಸ್ಟ್ ಮಾಡ್ಕಳಮ್ಮ’ ಎಂದು ಯಾರಾದರೂ ಹೇಳಿದರೆ ವನಜಾಕ್ಷಿಗೆ ಮೈಯೆಲ್ಲ ಉರಿಯುತ್ತದೆ. ಅದು ನನಗೆ ಗೊತ್ತಾದದ್ದು ಅವಳು ಕೆಲಸಕ್ಕೆ ಸೇರಿದ ದಿನವೇ. ಕಡೂರಿನ ಬ್ಯಾಟರಿ ಅಂಗಡಿಯ ಮೇಲಿರುವ ನಮ್ಮ ಆಫೀಸಿನಲ್ಲಿ ಅವಳಿಗೆ ಗಾಳಿ ಬೆಳಕಿಲ್ಲದ ಒಂದು ಮೂಲೆ ಕೊಟ್ಟಿದ್ದರು. ಅವಳು ತುಟಿ ಪಿಟಕ್ಕೆನ್ನದೆ ಮೇಜನ್ನು ಕಿಟಕಿಯವರೆಗೆ ದರದರ ಎಳೆದು ತಂದು ಕೂತಳು. ನಮ್ಮ ಯಜಮಾನರಾದ ರುದ್ರಮೂರ್ತಿಯವರು ಕಂಡೂ ಕಾಣದವರಂತೆ ಕಾಫಿಗೆ ಹೋದರು. ಮೇಜು ಇವತ್ತಿಗೂ ಅಲ್ಲೇ ಇದೆ.

ದಿನಾ ಬೆಳಿಗ್ಗೆ ಅಜ್ಜಂಪುರದಿಂದ ರೈಲಿನಲ್ಲಿ ಬರುತ್ತಾಳೆ. ಅವಳ ಕೆಲಸ ಎಕ್ಸ್‌ಎಂಎಲ್ ಸ್ಕೀಮಾ ಬರೆಯುವುದು. ಹೆಸರು ಕೇಳಿ ಹೆದರಬೇಡಿ, ಆಫೀಸಿನ ಫೋನು ನೋಡಿಕೊಳ್ಳುವ ನನಗೇ ಅರ್ಥವಾಗಿದೆ. ಹತ್ತು ಊರಿಂದ ಹತ್ತು ಜನ ಮಾಹಿತಿ ತುಂಬಿ ಕಳಿಸುತ್ತಾರೆ. ಒಬ್ಬ ತಾಲ್ಲೂಕಿನ ಜಾಗದಲ್ಲಿ ಫೋನ್ ನಂಬರು ಹಾಕಿರುತ್ತಾನೆ, ಇನ್ನೊಬ್ಬ ವಯಸ್ಸಿನ ಜಾಗದಲ್ಲಿ ‘ಚೆನ್ನಾಗಿದ್ದಾರೆ’ ಎಂದು ಬರೆದಿರುತ್ತಾನೆ. ಇಂಥ ಫೈಲಿಗೆ ಹಾಕುವ ಕಟ್ಟುಪಾಡೇ ಸ್ಕೀಮಾ. ಈ ಜಾಗದಲ್ಲಿ ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರರಲ್ಲಿ ಒಂದು ಮಾತ್ರ ಬರಬೇಕು ಎಂದು ಅದರಲ್ಲಿ ಪಟ್ಟಿ ಕೊಟ್ಟುಬಿಟ್ಟರೆ ಸಾಕು, ಬೇರೆ ಏನು ಬಂದರೂ ಕಂಪ್ಯೂಟರು ಕೆಂಪು ಗೆರೆ ಎಳೆದು ವಾಪಸ್ ಅಟ್ಟುತ್ತದೆ. ಆ ಪಟ್ಟಿಗೆ ಕಂಪ್ಯೂಟರಿನವರ ಭಾಷೆಯಲ್ಲಿ ಎನ್ಯುಮರೇಷನ್ ಅನ್ನುತ್ತಾರೆ. ವನಜಾಕ್ಷಿಗೆ ಪಟ್ಟಿ ಎಂದರೆ ಇಷ್ಟ. ‘ಬೇಲಿ ಇರ್ಬೇಕು ಸೌಮ್ಯಕ್ಕ. ಇಲ್ದಿದ್ರೆ ಕಂಡೋರ ದನವೆಲ್ಲ ಹೊಲಕ್ಕೆ ನುಗ್ತವೆ’ ಎನ್ನುತ್ತಿದ್ದಳು.

ಹೋದ ವರ್ಷ ತರೀಕೆರೆಯ ಒಂದು ಕಲಾ ಪ್ರತಿಷ್ಠಾನದವರು ನಮಗೆ ಕೆಲಸ ಕೊಟ್ಟರು. ಮೂರೂ ತಾಲ್ಲೂಕಿನ ಜನಪದ ಕಲಾವಿದರ ಮಾಹಿತಿ ಸೇರಿಸಬೇಕು, ಅದರಲ್ಲಿ ಆರಿಸಿದವರನ್ನು ಕಡೂರಿನಲ್ಲಿ ದೊಡ್ಡ ವೇದಿಕೆ ಹತ್ತಿಸಬೇಕು ಎಂಬುದು ಯೋಜನೆ. ಅವರ ಕಾರ್ಯದರ್ಶಿ ಷಡಕ್ಷರಿಯವರು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುವ ಮನುಷ್ಯ. ಅವರು ಎರಡು ಪಟ್ಟಿ ಕಳಿಸಿದರು. ಗಂಡಸರಿಗೆ ವೀರಗಾಸೆ, ಡೊಳ್ಳು, ತಮಟೆ, ಭಜನೆ, ಕೋಲಾಟ. ಹೆಂಗಸರಿಗೆ ಸೋಬಾನೆ, ಭಜನೆ, ಕೋಲಾಟ, ಕೊನೆಗೊಂದು ‘ಇತರೆ’. ಇತರೆಯವರಿಗೆ ಒಂದು ಶಾಲು, ಒಂದು ಪ್ರಮಾಣಪತ್ರ. ವೇದಿಕೆ ಇಲ್ಲ.

‘ಎರಡು ಪಟ್ಟಿ ಯಾಕೆ ಸಾರ್?’ ಎಂದು ವನಜಾಕ್ಷಿ ಕೇಳಿದಳು.

‘ಗಿರಾಕಿ ಕೊಟ್ಟಿರೋದು ಕಣಮ್ಮ. ಕೊಟ್ಟಂಗೆ ಹಾಕು’ ಎಂದರು ರುದ್ರಮೂರ್ತಿ.

ಹಲ್ಲು ಕಚ್ಚಿಕೊಂಡು ಹಾಕಿದಳು. ಕೆಲವು ದಿನದ ಮೇಲೆ ಅಜ್ಜಂಪುರದ ಕಡೆಯ ಫೈಲು ಬಂತು. ಪರೀಕ್ಷೆಗೆ ಹಚ್ಚಿದರೆ ಒಂದು ಕಡೆ ಕೆಂಪು ಗೆರೆ. ಹೆಸರು ಭಾಗಮ್ಮ, ಕಲೆ ತಮಟೆ. ಒಪ್ಪಿದ ಪದಗಳಲ್ಲಿ ಇದು ಇಲ್ಲ ಎಂದು ಕಂಪ್ಯೂಟರು ಹೇಳುತ್ತಿತ್ತು. ವನಜಾಕ್ಷಿ ಅದನ್ನೇ ನೋಡುತ್ತ ಕೂತಳು. ಭಾಗಮ್ಮ ಅವಳ ಅವ್ವ.

ಆ ಮನೆಯ ತಮಟೆಯ ಕತೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ವನಜಾಕ್ಷಿಯ ಅಪ್ಪ ಗಿಡ್ಡಪ್ಪ ಹುಡುಗನಾಗಿದ್ದಾಗ ಊರಲ್ಲಿ ಯಾರು ಸತ್ತರೂ ಇವರ ಬೀದಿಯ ತುದಿಯಲ್ಲಿ ನಿಂತು ಕೂಗುತ್ತಿದ್ದರಂತೆ: ‘ಲೇ, ತಮಟೆ ತಗಂಡ್ ಬಾರ್ಲಾ.’ ಜ್ವರವಿದ್ದರೂ ಹೋಗಬೇಕು, ಹೊಲದಲ್ಲಿ ಕೆಲಸವಿದ್ದರೂ ಹೋಗಬೇಕು. ಬರಲ್ಲ ಅನ್ನುವ ಹಾಗಿಲ್ಲ. ಬೌದ್ಧ ಧರ್ಮಕ್ಕೆ ಸೇರಿದ ದಿನ ಗಿಡ್ಡಪ್ಪ ತಮಟೆಯನ್ನು ಅಟ್ಟಕ್ಕೆ ಎಸೆದು ಇನ್ನು ಸತ್ತರೂ ಮುಟ್ಟಲ್ಲ ಎಂದ. ಊರವರು ಕೂಗಿದರು, ಬೈದರು, ಕೆಲಸಕ್ಕೆ ಕರೆಯುವುದನ್ನು ನಿಲ್ಲಿಸಿದರು. ಅವನು ಮುಟ್ಟಲಿಲ್ಲ.

ವರ್ಷಗಳ ಮೇಲೆ ಒಂದು ಅಂಬೇಡ್ಕರ್ ಜಯಂತಿಯ ಮೆರವಣಿಗೆಗೆ ಹೇಳಿದ್ದ ವಾದ್ಯದವರು ಕೈಕೊಟ್ಟರು. ಭಾಗಮ್ಮ ಅಟ್ಟ ಹತ್ತಿ ತಮಟೆ ಇಳಿಸಿದಳು, ಒಂದಿಷ್ಟು ಹುಲ್ಲು ಉರಿ ಮಾಡಿ ಕಾಯಿಸಿಕೊಂಡಳು, ಸೆರಗು ಬಿಗಿದು ಬೀದಿಗೆ ಇಳಿದಳು. ಅವತ್ತು ಗಿಡ್ಡಪ್ಪ ಉಣ್ಣಲಿಲ್ಲ. ‘ನಾನು ಬಿಟ್ಟಿದ್ದನ್ನ ನೀನು ಹಿಡಿದಲ್ಲೇ’ ಎಂದನಂತೆ. ಅವಳು, ‘ನಿನ್ ಕೈಗೆ ಅವ್ರು ಕೊಟ್ಟಿದ್ರು. ನನ್ ಕೈಗೆ ನಾನೇ ತಗಂಡೆ’ ಎಂದಳಂತೆ. ಈಗ ಅವಳದೇ ಹೆಂಗಸರ ಮೇಳವಿದೆ. ಸಾವಿನ ಮನೆಗೆ ಬಡಿಯುವುದಿಲ್ಲ. ಬೀದಿಯ ತುದಿಯಿಂದ ಕೂಗಿ ಕರೆದರೆ ತಿರುಗಿಯೂ ನೋಡುವುದಿಲ್ಲ. ಕರೆಯುವವರು ಮನೆಯೊಳಗೆ ಬಂದು, ಕೂತು, ಅವಳು ಕೊಟ್ಟ ನೀರು ಕುಡಿದು ಕರೆಯಬೇಕು. ಕುಡಿಯದಿದ್ದರೆ ಬಂದ ದಾರಿಗೆ ಸುಂಕವಿಲ್ಲ. ಹೀಗೆ ಬದುಕುವ ಹೆಂಗಸನ್ನು ನಮ್ಮ ಕಂಪ್ಯೂಟರು ಒಪ್ಪಲಿಲ್ಲ, ನೋಡಿ.

‘ಇತರೆ ಅಂತ ಹಾಕ್ಬಿಡಮ್ಮ. ಗೆರೆ ಹೋಗುತ್ತೆ’ ಎಂದರು ರುದ್ರಮೂರ್ತಿ.

ವನಜಾಕ್ಷಿ ಅಲ್ಲಿಂದಲೇ ಅವ್ವನಿಗೆ ಫೋನು ಮಾಡಿದಳು. ಭಾಗಮ್ಮನ ದನಿಗೆ ಸ್ಪೀಕರ್ ಬೇಕಿಲ್ಲ, ನನಗೂ ಕೇಳಿತು.

‘ಇತರೆ ಅಂದ್ರೆ ಅದ್ಯಾವ ವಾದ್ಯನೇ? ಹೆಗಲಿಗೆ ಹಾಕ್ಕಂಡು ಬಡೀತಾರಾ, ಕುಂತ್ಕಂಡು ಬಡೀತಾರಾ?’

‘ಅವ್ವಾ, ಪಟ್ಟಿ ಬರ್ದಿರೋಳು ನಾನೇ. ಹೆಂಗಸರ ಕಡೆ ತಮಟೆ ಅಂತ ಒಂದ್ ಸಾಲು ಸೇರ್ಸಿದ್ರೆ ಮುಗೀತು. ಯಾರಿಗೂ ಗೊತ್ತಾಗಲ್ಲ.’

‘ಕದ್ದು ಸೇರ್ಸಬ್ಯಾಡ. ನಾನೇನು ಹಿತ್ಲ ಬಾಗ್ಲಲ್ಲಿ ಬರೋಳಾ? ಅವ್ರ ಎದುರ್ಗೇ ಸೇರ್ಸು, ಇಲ್ದಿದ್ರೆ ಬ್ಯಾಡ.’

ವನಜಾಕ್ಷಿ ಏನೂ ತಿದ್ದದೆ, ತಪ್ಪು ಫೈಲಿನದಲ್ಲ, ಪಟ್ಟಿಯದು ಎಂದು ಒಂದು ಸಾಲು ಬರೆದು ಫೈಲನ್ನು ತರೀಕೆರೆಗೆ ವಾಪಸ್ ಕಳಿಸಿದಳು. ಅಲ್ಲಿಂದ ‘ಸರಿಪಡಿಸಿದ’ ಫೈಲು ಬಂತು. ಈ ಸಲ ಒಂದೂ ಕೆಂಪು ಗೆರೆಯಿಲ್ಲ. ರುದ್ರಮೂರ್ತಿಯವರ ಮುಖ ಅರಳಿತು. ವನಜಾಕ್ಷಿ ಮಾತ್ರ ಅನುಮಾನದಿಂದ ಒಳಗೆ ಹುಡುಕಿದಳು. ಕೋಲಾಟದವರು ಇದ್ದರು, ಎಲ್ಲರೂ ಇದ್ದರು. ಭಾಗಮ್ಮ ಇರಲಿಲ್ಲ. ಆ ಜಾಗದಲ್ಲಿ ಹೊಸ ದಾಖಲೆಯೊಂದಿತ್ತು. ಹೆಸರು ಗಿಡ್ಡಪ್ಪ, ಪುರುಷ, ಕಲೆ ತಮಟೆ.

ಯಾರೋ ಪುಣ್ಯಾತ್ಮ ಗೆರೆ ಅಳಿಸಲು ಹೆಂಡತಿಯನ್ನು ತೆಗೆದು ಗಂಡನನ್ನು ಕೂರಿಸಿದ್ದ. ಮನೆಯಲ್ಲಿ ತಮಟೆ ಇದೆ, ಮನೆಯಲ್ಲಿ ಗಂಡಸಿದ್ದಾನೆ, ಇನ್ನೇನು ಬೇಕು? ಪದ ಪಟ್ಟಿಯಲ್ಲಿದ್ದರೆ ಕಂಪ್ಯೂಟರಿಗೆ ಸಾಕು. ನಿಜವೋ ಸುಳ್ಳೋ ಅದು ಕೇಳುವುದಿಲ್ಲ. ನನಗೆ ಬಂದ ಸಿಟ್ಟಿಗೆ ಫೋನು ಎತ್ತಿ ಕುಕ್ಕಿದೆ. ವನಜಾಕ್ಷಿ ಕೂಗಾಡಲಿಲ್ಲ. ‘ಬೇಲಿಯೇ ಎದ್ದು ಹೊಲ ಮೇಯ್ತು ಸೌಮ್ಯಕ್ಕ’ ಎಂದಳು. ಅವಳ ಕಣ್ಣು ಕೆಂಪಾಗಿತ್ತು.

ಅದೇ ವಾರ ಪ್ರತಿಷ್ಠಾನದಿಂದ ಗಿಡ್ಡಪ್ಪನಿಗೆ ಕರೆ ಹೋಯಿತು. ಕಡೂರಿನ ವೇದಿಕೆಗೆ ನಿಮ್ಮ ಹೆಸರು ಆಯ್ಕೆಯಾಗಿದೆ, ತಮಟೆ ತೆಗೆದುಕೊಂಡು ಬನ್ನಿ ಎಂದರಂತೆ. ಪಾಪ, ಅವರು ಗೌರವದಿಂದಲೇ ಕರೆದಿರಬೇಕು. ಅವನ ಕಿವಿಗೆ ಬಿದ್ದದ್ದು ಹಳೆಯ ಕೂಗೇ. ಮರುದಿನ ಅಪ್ಪ, ಅವ್ವ, ಮಗಳು ಮೂವರೂ ತರೀಕೆರೆಗೆ ಹೊರಟರು. ಜಗಳವಿದ್ದ ಕಡೆ ಹೋಗದಿದ್ದರೆ ನನಗೆ ಅನ್ನ ಸೇರುವುದಿಲ್ಲ, ರಜೆ ಹಾಕಿ ಜೊತೆಗೆ ಹೋದೆ.

ಷಡಕ್ಷರಿಯವರು ನಗುನಗುತ್ತಲೇ ಬರಮಾಡಿಕೊಂಡರು. ಅವರು ‘ಕೂರಿ’ ಎನ್ನುವ ಮೊದಲೇ ಗಿಡ್ಡಪ್ಪ ಎದುರಿನ ಕುರ್ಚಿಯಲ್ಲಿ ಕೂತ. ಭಾಗಮ್ಮ ಪಕ್ಕದ್ದರಲ್ಲಿ ಕೂತಳು.

ಷಡಕ್ಷರಿಯವರು ವಿಷಯ ಕೇಳಿ ಯೋಚಿಸಿ, ‘ಅಮ್ಮಾ, ಹೆಂಗಸರು ತಮಟೆ ಬಡಿಯೋ ಸಂಪ್ರದಾಯ ನಮ್ಮಲ್ಲಿ ಇಲ್ಲ. ಆದ್ರೂ ನಿಮಗೋಸ್ಕರ ಮಹಿಳಾ ತಮಟೆ ಅಂತ ಬೇರೆಯಾಗಿ ಒಂದು ಹೆಸರು ಹಾಕ್ಸೋಣ. ಸಂಜೆ ಮುಖ್ಯ ಕಾರ್ಯಕ್ರಮಕ್ಕೆ ಮುಂಚೆ ಐದು ನಿಮಿಷ’ ಎಂದರು.

‘ನಾನು ಬಡಿಯೋದು ತಮಟೆ ಸ್ವಾಮಿ’ ಎಂದಳು ಭಾಗಮ್ಮ. ‘ಅದ್ಕೆ ಸೀರೆ ಉಡಿಸ್ಬ್ಯಾಡಿ. ಉಡಿಸೋದಾದ್ರೆ ನನ್ನ ಬಿಟ್ಬಿಡಿ.’

‘ಸಿಸ್ಟಮ್ಮಲ್ಲಿ ತಗೊಳಲ್ಲಮ್ಮ, ನಾನೇನ್ ಮಾಡ್ಲಿ?’

‘ಸಿಸ್ಟಮ್ ಬರ್ದಿರೋಳು ನಾನು ಸಾರ್’ ಎಂದು ವನಜಾಕ್ಷಿ ಲ್ಯಾಪ್‌ಟಾಪನ್ನು ಅವರ ಮೇಜಿನ ಮೇಲೇ ತೆರೆದಳು. ‘ಅದಕ್ಕೆ ಗಂಡು ಹೆಣ್ಣು ಗೊತ್ತಿಲ್ಲ. ನೀವು ಹೇಳಿದ್ರಿ, ನಾನು ಹಾಕಿದೆ. ಈಗ ತೆಗೀತಿದ್ದೀನಿ, ನೋಡ್ಕಳಿ.’

ಎರಡು ಪಟ್ಟಿಯನ್ನೂ ಅಳಿಸಿದಳು. ವೀರಗಾಸೆ, ಡೊಳ್ಳು, ತಮಟೆ, ಸೋಬಾನೆ, ಭಜನೆ, ಕೋಲಾಟ, ಎಲ್ಲ ಒಂದರಲ್ಲಿ ಬರೆದಳು. ‘ಇತರೆ’ಯನ್ನು ಬರೆಯಲಿಲ್ಲ. ‘ಇತರೆ ಅಂತ ಬಂದಿರೋ ಒಬ್ಬೊಬ್ಬರಿಗೂ ನಾನೇ ಫೋನ್ ಮಾಡಿ, ನೀವು ಏನ್ ಮಾಡ್ತೀರಿ ಅಂತ ಕೇಳ್ತೀನಿ. ಅವ್ರು ಹೇಳಿದ್ದು ಪಟ್ಟಿಗೆ ಸೇರುತ್ತೆ. ಎರಡು ಪಟ್ಟಿನೇ ಬೇಕು ಅಂದ್ರೆ ಬೇರೆಯೋರ ಕೈಲಿ ಬರೆಸ್ಕಳಿ. ನನ್ನ ಕೈಯಿಂದ ಹೋಗಲ್ಲ’ ಎಂದಳು.

ಕೆಲಸ ಹೋದರೂ ಹೋಗಲಿ ಎಂದು ಬಂದಿದ್ದಳು. ರುದ್ರಮೂರ್ತಿಯವರಿಗೆ ಹಾಗೇ ಹೇಳಿಯೂ ಬಂದಿದ್ದಳು. ಷಡಕ್ಷರಿಯವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಕಾರ್ಯಕ್ರಮ ತಲೆಯ ಮೇಲಿತ್ತು. ಕೊನೆಗೆ, ‘ಆಯ್ತಮ್ಮ, ಒಂದೇ ಇರ್ಲಿ. ಭಾಗಮ್ಮನೋರ ಮೇಳ ಎಲ್ಲರ ಜೊತೆಗೇ ಬರ್ಲಿ’ ಎಂದರು.

ವನಜಾಕ್ಷಿ ಅವ್ವನ ದಾಖಲೆಯನ್ನು ವಾಪಸ್ ಸೇರಿಸಿ ಪರೀಕ್ಷೆಗೆ ಹಚ್ಚಿದಳು. ಕೆಂಪು ಗೆರೆ ಬರಲಿಲ್ಲ. ನನಗೆ ಅಲ್ಲೇ ಒಂದು ಶಿಳ್ಳೆ ಹೊಡೆಯಬೇಕು ಅನ್ನಿಸಿತು.

ಷಡಕ್ಷರಿಯವರೂ ಬಗ್ಗಿ ಪರದೆ ನೋಡಿದರು. ‘ಗಿಡ್ಡಪ್ಪನೋರ್ದೂ ಹಂಗೇ ಇದೆಯಲ್ಲ. ಇರ್ಲಿ ಬಿಡಿ, ಒಳ್ಳೇದೇ ಆಯ್ತು. ಗಂಡ ಹೆಂಡ್ತಿ ಇಬ್ರೂ ವೇದಿಕೆ ಹತ್ಲಿ. ಕಂಪ್ಯೂಟರ್ ಅವರನ್ನೂ ಒಪ್ಪಿದೆ’ ಎಂದರು.

ಗಿಡ್ಡಪ್ಪ ಎದ್ದು ನಿಂತ.

‘ಅದು ಒಪ್ಬುಟ್ರೆ ಆಯ್ತಾ ಸ್ವಾಮಿ?’ ಎಂದ. ‘ನಾನು ಒಪ್ಬ್ಯಾಡ್ವಾ?’

ವನಜಾಕ್ಷಿ ಅಪ್ಪನ ಹೆಸರಿನ ದಾಖಲೆಯನ್ನು ಎಲ್ಲರ ಎದುರಿಗೇ ಅಳಿಸಿದಳು.