ಭಾನುವಾರದ ತೂಕ

ಆ ಭಾನುವಾರ ನಾನು ಸಿರುಗುಪ್ಪಕ್ಕೆ ಹೋದಾಗ ಅಣ್ಣ ಹಿತ್ತಲಲ್ಲಿ ಕುಕ್ಕುರುಗಾಲಲ್ಲಿ ಕುಳಿತು ಗಿನಿ ಪಿಗ್‌ಗಳನ್ನು ತೂಗುತ್ತಿದ್ದ. ಅಡುಗೆಮನೆಯ ಸಣ್ಣ ತಕ್ಕಡಿಯ ಮೇಲೆ ಒಂದು ಬುಟ್ಟಿ, ಬುಟ್ಟಿಯೊಳಗೆ ತೌಡು ಎಂಬ ಹೆಸರಿನದು.

"ಅಲ್ಲಾಡಬ್ಯಾಡಲೇ, ನಿನ್ನೇನು ಮಾರಾಂಗಿಲ್ಲ" ಎಂದು ಅದಕ್ಕೆ ಹೇಳಿ, ಬಂದ ಅಂಕಿಯನ್ನು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದ.

ತೌಡು, ನುಚ್ಚು, ಸೋನಾ. ಮೂರಕ್ಕೂ ಅವನಿಟ್ಟ ಹೆಸರು ಅಕ್ಕಿ ಗಿರಣಿಯದೇ. ಇಪ್ಪತ್ತೆರಡು ವರ್ಷದಿಂದ ಗಿರಣಿಯ ಕಾಟಾದಲ್ಲಿ, ಅಂದರೆ ದೊಡ್ಡ ತಕ್ಕಡಿಯಲ್ಲಿ, ಭತ್ತದ ಚೀಲ ತೂಗುತ್ತಿದ್ದ. ಊರಲ್ಲಿ ಅವನು ಕಾಟಾ ಎರ್ರಿಸ್ವಾಮಿ.

ಊಟ ಮುಗಿಸಿ ನಾನು ಬಳ್ಳಾರಿಗೆ ಹೊರಟಾಗ ಒಂದು ಪ್ಯಾಂಟು ತಂದುಕೊಟ್ಟ. ನಾನು ಜೀನ್ಸ್ ಹೊಲಿಯುವವನು, ಮನೆಯವರ ಬಟ್ಟೆಯೂ ನನ್ನ ಪಾಲಿಗೇ.

"ಸೊಂಟ ಎರಡಿಂಚು ಹಿಡಿ."

"ದೀಪಾವಳಿಗೆ ಒಂದೂವರಿ ಹಿಡಿದಿದ್ನೆಲ್ಲಣ್ಣ. ಅತ್ತಿಗಿ ಉಣ್ಣಾಕ ಹಾಕಂಗಿಲ್ಲೇನು?"

"ಆಕಿ ಹಾಕ್ತಾಳ. ನೀ ಮೊದಲು ಸರಿಯಾಗಿ ಹೊಲಿಯೋದು ಕಲಿ."

ಅತ್ತಿಗೆ ನಕ್ಕರು. ನಾನೂ ನಕ್ಕೆ. ಬಸ್ಸು ಹತ್ತಿದೆ.

ಆ ಪ್ರಾಣಿಗಳು ಬಂದದ್ದು ಕುರುಗೋಡಿನಿಂದ. ಅಲ್ಲಿ ನಮ್ಮ ಅಕ್ಕನ ಪಕ್ಕದ ಮನೆಯವರು ವರ್ಗವಾಗಿ ಹೋಗುವಾಗ ಪಂಜರ ಸಮೇತ ಬಿಟ್ಟುಹೋಗಿದ್ದರು. ಇಲಿಗಿಂತ ದೊಡ್ಡವು, ಮೊಲಕ್ಕಿಂತ ಚಿಕ್ಕವು, ಬಾಲವಿಲ್ಲ. ಅಕ್ಕನಿಗೆ ಹೇಸಿಗೆ. ಅಣ್ಣ ಪಂಜರವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದ.

ಆರು ತಿಂಗಳಲ್ಲಿ ಅವುಗಳ ಸದ್ದೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಕೊತ್ತಂಬರಿ ತಂದ ಚೀಲ ಸರಪರ ಎಂದರೆ ಮೂರೂ ಸಿಳ್ಳೆ ಹಾಕುತ್ತಿದ್ದವು. ಬೆನ್ನು ಸವರಿದರೆ ಸಣ್ಣಗೆ ಗುರುಗುಟ್ಟುತ್ತಿದ್ದವು. ಖುಷಿ ಹೆಚ್ಚಾದರೆ ಬಾಣಲೆಯ ಅರಳಿನಂತೆ ನಿಂತಲ್ಲೇ ಚಿಮ್ಮುತ್ತಿದ್ದವು. ಒಮ್ಮೆ ಸೋನಾ ಹಲ್ಲು ಕಟಕಟ ಮಾಡಿದ್ದು ಕೇಳಿ, ಪಾಪ, ಚಳಿ ಎಂದುಕೊಂಡು ನಾನು ಜೀನ್ಸ್ ತುಂಡೊಂದನ್ನು ಹೊದಿಸಲು ಕೈ ಹಾಕಿದೆ. ಬೆರಳಲ್ಲಿ ರಕ್ತ ಬಂತು.

"ಚಳಿ ಅಲ್ಲಲೇ, ಸಿಟ್ಟು" ಎಂದ ಅಣ್ಣ. "ಕೈ ಹಾಕಬ್ಯಾಡ ಅಂತ ಅಷ್ಟೊತ್ತಿಂದ ಹೇಳಾಕತ್ತೈತಿ. ನಿನಗ ಹೆಂಗ ಹೇಳಬೇಕು ಅದು, ಫೋನ್ ಮಾಡಿ?"

ಹೋದ ಬೇಸಿಗೆಯಲ್ಲಿ ಒಂದು ದಿನ ಹುಲ್ಲು ಹಾಕಿದಾಗ ತೌಡು ಉಳಿದೆರಡರ ಜೊತೆ ಓಡಿ ಬಂತು, ಎಸಳು ಬಾಯಲ್ಲಿ ಹಿಡಿಯಿತು. ನಾವೆಲ್ಲ ತಿನ್ನುತ್ತಿದೆ ಅಂದೆವು. ಅಣ್ಣ ಮಾತ್ರ ಬಗ್ಗಿ ನೋಡುತ್ತಲೇ ಇದ್ದ.

"ತಿನ್ನಾಕತ್ತಿಲ್ಲ, ತಿಂದಂಗ ಮಾಡಾಕತ್ತೈತಿ."

ತೂಗಿದ. ಎಂಟು ದಿನದಲ್ಲಿ ಎಪ್ಪತ್ತು ಗ್ರಾಂ ಇಳಿದಿತ್ತು. ಗಿರಣಿಗೆ ರಜೆ ಹಾಕಿ, ಬುಟ್ಟಿಯಲ್ಲಿಟ್ಟುಕೊಂಡು ಬಳ್ಳಾರಿಯ ದನದ ಡಾಕ್ಟರ ಹತ್ತಿರ ತಂದ. ಒಳಗಿನ ಹಲ್ಲು ಬೆಳೆದು ನಾಲಿಗೆಗೆ ಚುಚ್ಚುತ್ತಿತ್ತಂತೆ. ಹಲ್ಲು ಸವೆಸಿ ಕಳಿಸಿದರು, ಬದುಕಿತು. ವಾಪಸು ಹೊರಟಾಗ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಅಣ್ಣ ನನಗೆ ಹೇಳಿದ:

"ಇವು ಹದ್ದು, ಬೆಕ್ಕಿನ ಬಾಯಿಗೆ ಸಿಗೋ ಜೀವ. ಸೊರಗಿದ್ದು ತೋರಿಸಿದ್ರ ಮೊದಲು ಅದನ್ನೇ ಹಿಡಿತಾವು. ಅದಕ್ಕ ಮುಚ್ಚಿಡ್ತಾವು. ಒದರಿದ್ರ ಅಂಜಬ್ಯಾಡ, ಸುಮ್ಕಿದ್ರ ತೂಗು."

ಪ್ಯಾಂಟು ಕೊಟ್ಟ ಎರಡು ದಿನಕ್ಕೆ, ಮಂಗಳವಾರ, ಅಣ್ಣ ಕಾಟಾದ ಪಕ್ಕದಲ್ಲೇ ಕುಸಿದ. ಹಮಾಲರು ಎತ್ತಿಕೊಂಡು ಬಳ್ಳಾರಿಗೆ ತಂದರು. ನಾನು ಆಸ್ಪತ್ರೆಗೆ ಓಡಿದಾಗ ಅಂಗಿ ಬಿಚ್ಚಿ ಮಲಗಿಸಿದ್ದರು. ಅವನ ಮೈಯನ್ನು ನಾನು ಎಷ್ಟೋ ವರ್ಷದಿಂದ ಅಂಗಿಯಿಲ್ಲದೆ ನೋಡಿರಲಿಲ್ಲ. ಬಾಗಿಲಲ್ಲೇ ನಿಂತುಬಿಟ್ಟೆ. ಬೇರೆ ಯಾರದೋ ಮಂಚ ಎಂದುಕೊಂಡೆ.

ಹೊಟ್ಟೆಯೊಳಗೆ ಗಡ್ಡೆ ಇದೆ, ಹರಡಿದೆ ಎಂದರು ಡಾಕ್ಟರು. ತಕ್ಕಡಿಯ ಅಂಕಿ ನೋಡಿ ಕೇಳಿದರು: "ನಲವತ್ತೆಂಟು ಕೆಜಿ ಇದ್ದಾರೆ. ಮೊದಲು ಎಷ್ಟಿದ್ರು?"

ಅತ್ತಿಗೆ ನನ್ನ ಮುಖ ನೋಡಿದರು. "ಗೊತ್ತಿಲ್ರೀ. ಆರಾಮ ಇದ್ರು. ದಿನಾ ತಾಟಿನ ಮುಂದ ಕುಂದ್ರುತ್ತಿದ್ರು."

ನನ್ನ ಬಾಯಿಂದ ಬಂದದ್ದು ಇಷ್ಟೇ: "ಸೊಂಟ ಮೂರೂವರಿ ಇಂಚು ಇಳಿದೈತ್ರಿ. ಪ್ಯಾಂಟು ಹಿಡಿಯಾವ ನಾನೇ."

ಡಾಕ್ಟರು ಪೆನ್ನು ಹಿಡಿದು ನಿಂತರು. ಏನೂ ಬರೆಯಲಿಲ್ಲ.

ಮರುದಿನ ಅಣ್ಣನಿಗೆ ಎಚ್ಚರವಿದ್ದಾಗ ಕೇಳಿದೆ, ಯಾಕೆ ಹೇಳಲಿಲ್ಲ ಎಂದು. "ಗಿರಣಿ ಸುಗ್ಗಿ ಮುಗೀಲಿ ಅಂತ ಸುಮ್ಕಿದ್ದೆ" ಎಂದ. ಆಮೇಲೆ, "ಸೋನಾಗ ಕೊತ್ತಂಬರಿ ಹಾಕಿದ್ರೇನು?" ಎಂದು ಕೇಳಿದ. ಒಂಬತ್ತನೆಯ ದಿನ ಹೋದ. ಅವನಿಗೆ ನಲವತ್ತಾರು.

ಪಂಜರ ಈಗ ನನ್ನ ಮನೆಯಲ್ಲಿದೆ. ನನ್ನ ಹೆಂಡತಿ ತರಕಾರಿ ಚೀಲ ಕೆಳಗಿಟ್ಟರೆ ಸಾಕು, ಮೂರೂ ಸಿಳ್ಳೆ ಹಾಕುತ್ತವೆ. ಯಾರ ಕೈ ಎಂದು ನೋಡುವುದಿಲ್ಲ. ಮೊದಮೊದಲು ಅದಕ್ಕೂ ನನಗೆ ಸಿಟ್ಟು ಬರುತ್ತಿತ್ತು. ಪ್ಯಾಂಟು ಮಷೀನಿನ ಪಕ್ಕದಲ್ಲಿದೆ. ಎರಡಿಂಚಿಗೆ ಗುರುತು ಹಾಕಿದ್ದೆ, ಹೊಲಿದಿಲ್ಲ.

ಹೋದ ವಾರ ಸಿರುಗುಪ್ಪದ ಹಿತ್ತಲಿಗೆ ಹೋಗಿದ್ದೆ. ಸೀಮೆಸುಣ್ಣದ ಅಕ್ಷರ ಅಳಿಸಿಲ್ಲ. ತೌಡು, ನುಚ್ಚು, ಸೋನಾ, ಒಂದೊಂದರ ಮುಂದೆ ಎಷ್ಟೋ ಭಾನುವಾರಗಳ ತೂಕ. ಗಿರಣಿಯಲ್ಲಿ ವಿಚಾರಿಸಿದೆ, ಅತ್ತಿಗೆ ಪೆಟ್ಟಿಗೆಯ ಹಳೆಯ ಚೀಟಿಗಳನ್ನೆಲ್ಲ ಹುಡುಕಿದರು, ಕುರುಗೋಡಿನ ಅಕ್ಕನನ್ನೂ ಕೇಳಿದೆವು. ಅಣ್ಣ ಮೊದಲು ಎಷ್ಟು ತೂಗುತ್ತಿದ್ದ ಎಂಬುದು ನಮಗೆ ಯಾರಿಗೂ ಗೊತ್ತಿಲ್ಲ.