ಊದಕ್ಕನ ಹೆಸರಿನ ಚೀಲ

ಆಸ್ಪತ್ರೆಯ ಉಸಿರು ಪರೀಕ್ಷೆ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಆಯಾ ಆಗಿದ್ದವಳನ್ನು ಎಲ್ಲರೂ ಕರೆಯುತ್ತಿದ್ದುದು ಊದಕ್ಕ ಎಂದೇ. ಹೆದರಿ ಬಂದ ರೋಗಿಯ ಬಾಯಿಗೆ ಕೊಳವೆ ಕೊಟ್ಟು, "ಊದಿ, ಇನ್ನೂ ಊದಿ, ಚೀಲ ಏನೂ ಕಚ್ಚಲ್ಲ" ಎಂದು ನಗಿಸಿ, ಚೀಲದ ಮೇಲೆ ಹೆಸರು ಬರೆಯುವುದು ಅವಳ ಕೆಲಸ. ಆ ಉಸಿರಿನಲ್ಲಿರುವ ರಾಸಾಯನಿಕಗಳನ್ನು ಯಂತ್ರ ಅಳೆದು ಪರದೆಯ ಮೇಲೆ ಗೆರೆ ಎಳೆಯುತ್ತಿತ್ತು. ಗೆರೆ ಎಲ್ಲಿ ಎದ್ದಿದೆ ನೋಡಿ ಡಾಕ್ಟರು ಮುಂದಿನ ಪರೀಕ್ಷೆ ಬರೆಯುತ್ತಿದ್ದರು. ಇದಕ್ಕೆಲ್ಲ ಮೊದಲು, ಗಟ್ಟಿಮುಟ್ಟಾದವರ ಉಸಿರು ಹೇಗಿರುತ್ತದೆಂದು ಯಂತ್ರಕ್ಕೆ ತೋರಿಸಲು ದಿನಾ ಬೆಳಿಗ್ಗೆ ಒಂದು ಚೀಲ ಊದುವವಳೂ ಅವಳೇ. ಆ ಬಗ್ಗೆ ಅವಳಿಗೆ ಜಂಬ ಬೇರೆ!

ಸೋಮವಾರ ಅವಳ ಗೆರೆಯೇ ಎದ್ದು ನಿಂತಿತು. ಅದೂ ಲಿವರ್ ಕೆಟ್ಟವರದ್ದು ಏಳುವ ಜಾಗದ ಹತ್ತಿರ.

ಅವಳ ತಾಯಿ ಹೋದದ್ದು ಲಿವರ್ ಕಾಯಿಲೆಯಲ್ಲಿ. ಕೊನೆಕೊನೆಗೆ ಅಮ್ಮನ ಬಾಯಿಂದ ಬರುತ್ತಿದ್ದ ವಾಸನೆಯನ್ನು ಅವಳು ಮರೆತಿರಲಿಲ್ಲ. ದಿನವಿಡೀ ಅಂಗೈಗೆ ಉಸಿರು ಬಿಟ್ಟು ಬಿಟ್ಟು ಮೂಸಿಕೊಂಡಳು. ಗಂಡ ಮಾತಾಡಿಸಿದರೆ ಮುಖ ತಿರುಗಿಸಿದಳು. ಊರಿಗೆಲ್ಲ ಧೈರ್ಯ ಹೇಳುವವಳಿಗೆ ತನ್ನ ಬುಡಕ್ಕೆ ಬಂದಾಗ ಆ ಧೈರ್ಯವೇ ಇರಲಿಲ್ಲ.

ಮಂಗಳವಾರ ಅದೇ ಆಸ್ಪತ್ರೆಯಲ್ಲಿ ನೆಲ ಒರೆಸುವ ನಾದಿನಿಯನ್ನು ಒಳಗೆ ಎಳೆದುಕೊಂಡಳು.

"ಕೆಮ್ಮು ಕಣೇ ನನಗೆ. ಇದೊಂದು ಚೀಲ ಊದ್ಕೊಡು."

"ಮನೇಲಿ ನನ್ನ ಉಸಿರೆತ್ತಕ್ಕೆ ಬಿಡಲ್ಲ, ಇಲ್ಲಿ ಊದು ಅಂತೀಯಲ್ಲ ಅತ್ತಿಗೆ!" ಎಂದು ನಗುತ್ತಲೇ ಊದಿಕೊಟ್ಟಳು ಅವಳು. ಬುಧವಾರವೂ ಊದಿದಳು. ಊದಕ್ಕ ಎರಡೂ ಚೀಲಗಳ ಮೇಲೆ ತನ್ನ ಹೆಸರು ಬರೆದಳು. ಪರದೆಯ ಕಡೆ ಮಾತ್ರ ತಲೆಯೆತ್ತಲಿಲ್ಲ.

ಗುರುವಾರ ಯಂತ್ರ ನೋಡಿಕೊಳ್ಳುವ ಮೇಡಂ ಬಾಗಿಲು ಮುಚ್ಚಿದರು.

"ಕೂತ್ಕೊಳ್ಳಿ ಅಕ್ಕ. ಸೋಮವಾರದ್ದು ಏನೂ ಅಲ್ಲ, ಹೊಸ ಕೊಳವೆಯ ಪ್ಲಾಸ್ಟಿಕ್ಕು. ಅವತ್ತು ಊದಿದ ಎಲ್ಲರದ್ದರಲ್ಲೂ ಬಂದಿದೆ."

ಅಬ್ಬಾ! ಹೋದ ಜೀವ ಬಂದಂತಾಯಿತು ಅವಳಿಗೆ.

"ಕೊಳವೆ ಬದಲಾಯಿಸಿದೆ. ಆದ್ರೂ ಮಂಗಳವಾರ, ಬುಧವಾರ ನಿಮ್ಮೊಬ್ಬರದ್ದೇ ಎದ್ದಿದೆ ಅಕ್ಕ, ಸರಿಯಾಗಿ ಲಿವರ್ ಜಾಗದಲ್ಲೇ. ಇದರಿಂದ್ಲೇ ಕಾಯಿಲೆ ಅನ್ನಕ್ಕಾಗಲ್ಲ. ಆದ್ರೆ ಇವತ್ತೇ ಡಾಕ್ಟರಿಗೆ ತೋರಿಸಿ."

ನನ್ನದಲ್ಲ, ನನಗೇನೂ ಇಲ್ಲ ಎಂದು ಒಂದು ಗಳಿಗೆ ಅವಳಿಗೆ ಖುಷಿಯೇ ಆಯಿತು. ಮರುಗಳಿಗೆ ಹೊಳೆಯಿತು, ಆ ಉಸಿರು ಯಾರದೆಂದು. ತಿಂಗಳಿಂದ ಹೊಟ್ಟೆ ಭಾರ, ಸುಸ್ತು ಎನ್ನುತ್ತಿದ್ದ ನಾದಿನಿಯನ್ನು "ಕೆಲಸಗಳ್ಳಿ" ಎಂದು ರೇಗಿಸಿದವಳು ತಾನೇ. ನಿಜ ಹೇಳಿದರೆ ಹನ್ನೊಂದು ವರ್ಷದ ಕೆಲಸಕ್ಕೆ ಸಂಚಕಾರ. ಸುಮ್ಮನಿದ್ದರೆ ಡಾಕ್ಟರು ತನ್ನನ್ನು ನೋಡಿ, ಏನೂ ಇಲ್ಲವೆಂದು ಕಳಿಸುತ್ತಾರೆ, ಅಲ್ಲಿಗೆ ಮುಗಿಯಿತು. ಆದರೆ ನಾದಿನಿಯ ಗತಿ?

"ಮೇಡಂ," ಎಂದಳು, "ಅದು ನನ್ನ ಉಸಿರಲ್ಲ."

ಬಾಗಿಲು ತಟ್ಟಿದ ಸದ್ದು. ಬಕೆಟ್ ಹಿಡಿದ ನಾದಿನಿ ಇಣುಕಿದಳು. "ಅತ್ತಿಗೆ, ಇವತ್ತೂ ಊದ್ಬೇಕಾ?"

ಊದಕ್ಕ ಹೊಸ ಚೀಲ ತೆಗೆದಳು. ನಾದಿನಿಯ ಹೆಸರು ಬರೆಯುವಾಗ ಅಕ್ಷರ ಸೊಟ್ಟಗಾದವು. ಕೊಳವೆಯನ್ನು ಅವಳ ಕೈಗಿಟ್ಟಳು. ಚೀಲ ಕಚ್ಚಲ್ಲ ಎಂದು ಮಾತ್ರ ಅವಳಿಂದ ಹೇಳಲಾಗಲಿಲ್ಲ.