ಎಂಜಿನ್ನಿನ ದಿಂಬು

ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರ ಮನೆಯಲ್ಲಿ ಹತ್ತಿಯ ದಿಂಬು ಹುಡುಕಬೇಡಿ, ಸಿಗುವುದಿಲ್ಲ. ಕತ್ತರಿಸಿ ಉಳಿದ ಚಿಂದಿಯನ್ನೇ ತುಂಬಿ ಹೊಲಿದುಕೊಳ್ಳುತ್ತೇವೆ. ಕಲ್ಲಿನಂತಿರುತ್ತದೆ, ಆದರೂ ದುಡಿದವರಿಗೆ ನಿದ್ದೆ ಬರುತ್ತದೆ. ವಿಮಾನಕ್ಕೆ ಮಾತ್ರ ಚಿಂದಿ ನಡೆಯದು ಎಂದು ನಾನು ಅಕ್ಕನಿಗೆ ಬಾಯಿಬಿಟ್ಟು ಹೇಳಿದ್ದೆ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಯೂನಿಟ್ಟಿನಲ್ಲಿ ನನ್ನ ಪಕ್ಕದ ಮೆಷಿನ್ನಿನವಳು, ಕೈಹಿಡಿದು ಜೇಬು ಹೊಲಿಯಲು ಕಲಿಸಿದವಳು. ಬೊಮ್ಮನಹಾಳ್ ದಾಟಿ ವಿಮಾನ ಹಾರಿಸಲು ಕಲಿಸುವ ಒಂದು ಶಾಲೆ ಶುರುವಾದಾಗ, ಅಲ್ಲಿನ ಮೆಕ್ಯಾನಿಕ್ ಹೊಲಿಯುವವರನ್ನು ಹುಡುಕಿಕೊಂಡು ನಮ್ಮೂರಿಗೆ ಬಂದರು. ಪುಟ್ಟ ವಿಮಾನ, ಮೂತಿಯಲ್ಲಿ ಗಾಳಿ ಹೋಗಲು ಎರಡು ತೂತು. ನಿಲ್ಲಿಸಿ ಉಂಡು ಬರುವಷ್ಟರಲ್ಲಿ ಗೊರವಂಕ ಹಕ್ಕಿಗಳು ಅದರೊಳಗೆ ಗೂಡಿಗೆಂದು ಕಡ್ಡಿ ತುಂಬುತ್ತಿದ್ದವಂತೆ.

"ನೋಡ್ದೆ ಚಾಲೂ ಮಾಡಿದ್ರ ಗೂಡು ಹತ್ಕೊಂಡು ಉರೀತೈತ್ರಿ. ಮ್ಯಾಲೆ ಹೋದ ಹುಡುಗ್ರ ಗತಿ ಏನು?" ಎಂದರು.

ವಿಮಾನ ನಿಂತಿರುವಾಗ ತೂತಿಗೆ ಬಿಗಿಯಾಗಿ ಕೂರುವ ಒಂದು ಜೋಡಿ ಸ್ಪಂಜಿನ ದಿಂಬು ಬೇಕಿತ್ತು. ನನ್ನ ಹೆಸರು ಹೇಳಿಕೊಂಡು ಬಂದ ಮೊದಲ ಕೆಲಸ ಅದು. ಇದೊಂದು ಕುದುರಿದರೆ ಮನೆಯಲ್ಲೇ ಮೆಷಿನ್ ಹಾಕಿಕೊಂಡು, ಯಾರ ಬೈಗುಳವೂ ಇಲ್ಲದೆ ಬದುಕಬಹುದು ಎಂದು ಆಸೆಪಟ್ಟೆ.

ಸ್ಪಂಜನ್ನು ಅಳತೆಗೆ ನಾನೇ ಕೊಯ್ದೆ. ಮೊಟ್ಟೆಯ ಆಕಾರ, ಒಂದು ತುದಿಯಲ್ಲಿ ಒಳಕ್ಕೆ ಕೊಯ್ದ ಕಚ್ಚು. ತೂತಿನೊಳಗೆ ಅಲ್ಲೊಂದು ತಗಡಿನ ಪಟ್ಟಿ ಅಡ್ಡ ಬರುತ್ತಿತ್ತು. ಕೆಂಪು ರೆಕ್ಸಿನ್ ಹೊದಿಕೆಯನ್ನೂ ಹೊಲಿದೆ. ತುಂಬಿ ಬಾಯಿ ಮುಚ್ಚುವ ಕೆಲಸ ಅಕ್ಕನಿಗೆ ಕೊಟ್ಟೆ. ಅವಳಿಗಲ್ಲದೆ ಇನ್ಯಾರಿಗೆ ಕೊಡಲಿ?

ಮಳೆಗಾಲ ಮುಗಿಯುವಾಗ ಮೆಕ್ಯಾನಿಕ್ ಫೋನ್ ಮಾಡಿ ಇಬ್ಬರನ್ನೂ ಕರೆಸಿದರು. ದಿಂಬು ನೆನೆದು ಕುಗ್ಗಿ, ಸಂದಿ ಬಿಟ್ಟಿತ್ತು. ಹಕ್ಕಿ ಹೊಲಿಗೆ ಕಿತ್ತು ಒಳಗಿನ ನೀಲಿ ಚಿಂದಿಯನ್ನೇ ಎಳೆದು ಎಂಜಿನ್ನಿನ ಮೇಲೆ ಗೂಡು ಕಟ್ಟಿತ್ತು. ಹಾರುವ ಮುಂಚೆ ಅವರು ಬಗ್ಗಿ ನೋಡಿದ್ದರಿಂದ ಬಚಾವು.

"ಸ್ಪಂಜು ಸಾಲ್ಲಿಲ್ರಿ ಸಾರ್. ಈಕೀನೇ ಚಿಂದಿ ತುಂಬು ಅಂದ್ಲು," ಎಂದಳು ಅಕ್ಕ, ನನ್ನ ಮುಖ ನೋಡದೆ.

ನಾನು ಹಾಗೆ ಅಂದಿರಲೇ ಇಲ್ಲ. ಆದರೂ, ಸ್ಪಂಜು ನಿಜವಾಗಿ ಸಾಲದೆ ಹೆದರಿ ಸುಳ್ಳು ಹೇಳಿದಳೇನೋ, ನಾನೇ ಕಡಿಮೆ ಕೊಯ್ದೆನೇನೋ ಅಂದುಕೊಂಡೆ. ಕಲಿಸಿದವಳನ್ನು ಹೊರಗಿನವರ ಮುಂದೆ ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

"ಹೌದ್ರಿ," ಎಂದೆ.

ಮೆಕ್ಯಾನಿಕ್ ಗದರಲಿಲ್ಲ. "ನಿಮ್ಮನ್ನ ನಂಬಿದ್ನಲ್ರಿ," ಎಂದಷ್ಟೇ ಹೇಳಿದರು. ಆಮೇಲಿನ ಕೆಲಸ ಬಳ್ಳಾರಿಯ ಯಾರಿಗೋ ಹೋಯಿತು. ನಾನು ಮತ್ತೆ ಯೂನಿಟ್ಟಿನ ಜೇಬುಗಳಿಗೆ ಮರಳಿದೆ.

ಸ್ವಲ್ಪ ದಿನಕ್ಕೆ ಅಕ್ಕನ ಬಸುರಿ ಮಗಳ ಕುಬಸ. ನಾನು ಹೋಗದಿದ್ದರೆ ಹೇಗೆ? ಬೆಳಿಗ್ಗೆಯೇ ಹೋದೆ.

"ಬಾ ತಂಗಿ, ಕುಂದ್ರು. ಮೆಷಿನ್ ತುಳುದು ತುಳುದು ನಿನ್ನ ಸೊಂಟ ಬಿದ್ದೋಗೈತಿ," ಎಂದು ಅಕ್ಕ ಹೂವಿನ ಬಟ್ಟೆ ಹೊದಿಸಿದ ಮೆತ್ತೆಯೊಂದನ್ನು ನನ್ನತ್ತ ಸರಿಸಿದಳು.

ಕೂತೆ. ಕಲ್ಲಿನಂತಿರಲಿಲ್ಲ. ಕೈ ತನ್ನಷ್ಟಕ್ಕೆ ಅಂಚು ತಡವಿತು. ತುದಿಯಲ್ಲಿ ನಾನೇ ಕೊಯ್ದ ಆ ಕಚ್ಚು ಬೆರಳಿಗೆ ಸಿಕ್ಕಿತು. ತಲೆ ಎತ್ತಿ ನೋಡಿದರೆ, ಅದರ ಜೋಡಿ ಮಗಳ ಬೆನ್ನಿಗಿತ್ತು.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಬಸುರಿಯ ಎದುರು ಜಗಳ ಬೇಡವೆನಿಸಿತು. ಮೆತ್ತೆಯನ್ನು ತೆಗೆದು ಗೋಡೆಗೆ ಒರಗಿಸಿ, ಬರಿ ನೆಲದ ಮೇಲೆ ಕೂತೆ.

ಅಕ್ಕ ನೋಡಿದಳು. ಯಾಕ ಎಂದು ಕೇಳಲಿಲ್ಲ.